ಹಾಜಬ್ಬನ ತೋರುಬೆರಳಿನ ಲೆಕ್ಕ

ಹಾಜಬ್ಬನ ಎಡಗೈ ತೋರುಬೆರಳಿನ ತುದಿ ತುಂಡಾದದ್ದು ಒಂದು ಬುಧವಾರ ಬೆಳಿಗ್ಗೆ ಹನ್ನೊಂದೂಕಾಲಕ್ಕೆ. ಸಮಯ ಇಷ್ಟು ಖಚಿತವಾಗಿ ಊರಿಗೆಲ್ಲ ಗೊತ್ತಿರಲು ಕಾರಣ ಸೇಸಮ್ಮ. ಅವನು ಕೆಲಸ ಮಾಡುವ ಬಂಟ್ವಾಳ ಪೇಟೆಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ರಶೀದಿ ಪುಸ್ತಕಗಳಿಗೆ ಪಿನ್ನು ಹೊಡೆದು ಅಂಟು ಬಳಿಯುವ ಕೆಲಸ ಅವಳದ್ದು. "ಗಂಟೆ ಹನ್ನೊಂದೂಕಾಲಾಯ್ತು ಬ್ಯಾರಿಗಳೇ, ನಿಮ್ಮ ಚಹಾ ತಣಿದು ಶರಬತ್ತಾಯ್ತು" ಎಂದು ಅವಳು ಕೂಗಿದಳು. ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಂತಿದ್ದ ಹಾಜಬ್ಬ ಕತ್ತು ಹೊರಳಿಸಿ, "ಇದೊಂದು ಕಟ್ಟು ಆಗಿ ಹೋಗಲಿ" ಎಂದ. ಕಟ್ಟೂ ಆಯಿತು, ಬೆರಳೂ ಆಯಿತು.

ಆಗ ಯಂತ್ರದಲ್ಲಿದ್ದದ್ದು ಕಬಡ್ಡಿ ಪಂದ್ಯಾಟದ ಲಕ್ಕಿ ಕೂಪನ್ನುಗಳು. ಹಾಜಬ್ಬನನ್ನು ಆಸ್ಪತ್ರೆಗೆ ಸಾಗಿಸಿ ಅರ್ಧ ಗಂಟೆಯಾಗಿರಲಿಲ್ಲ, ಪಂದ್ಯಾಟ ಸಮಿತಿಯ ಕಾರ್ಯದರ್ಶಿಗಳು ಬಂದು ಒಂದು ನಿಮಿಷ ದುಃಖ ಪಟ್ಟು, ಕೆಂಪಾದ ಕೂಪನ್ನುಗಳ ಬದಲಿಗೆ ಬೇರೆ ಕೊಡುತ್ತೀರಲ್ಲ ಎಂದು ವಿಚಾರಿಸಿ ಹೋದರು. ಅವರನ್ನು ದೂರುವುದು ತಪ್ಪು. ಅವರ ಪಂದ್ಯಾಟಕ್ಕೆ ಉಳಿದದ್ದು ಒಂಬತ್ತೇ ದಿನ.

ಹಾಜಬ್ಬ ಆ ಯಂತ್ರದ ಮುಂದೆ ಇಪ್ಪತ್ತಮೂರು ವರ್ಷ ನಿಂತವನು. ತಾಲೂಕಿನ ಮದುವೆ ಕಾಗದ, ಉರೂಸಿನ ಪೋಸ್ಟರು, ಹಾಲಿನ ಸೊಸೈಟಿಯ ಚೀಟಿ, ಎಲ್ಲದರ ಅಂಚೂ ಅವನ ಕೈಯಲ್ಲೇ ನೇರವಾದದ್ದು. ಕಾಗದದ ಕಟ್ಟನ್ನು ಎಡಗೈ ತೋರುಬೆರಳಿನಿಂದ ಒಮ್ಮೆ ಸವರಿದರೆ ಎಲ್ಲಿ ಕೂದಲೆಳೆ ಓರೆಯಿದೆ ಎಂದು ಹೇಳುತ್ತಿದ್ದ. ಪ್ರೆಸ್ಸಿನಲ್ಲಿ ಅವನು ಕಟ್ಟಿಂಗ್ ಹಾಜಬ್ಬ. ಆದರೆ ಮನೆಯಲ್ಲಿ, ಹೆಂಡತಿಯ ತವರಿನಲ್ಲಿ ಮತ್ತು ಮಸೀದಿಯ ಜಗಲಿಯಲ್ಲಿ ಅವನು ಪ್ರೆಸ್ಸಿನ ಮೆನೇಜರು, ಸಂಬಳ ಮೂವತ್ತು ಸಾವಿರ. ನಿಜವಾದ ಸಂಬಳ ಹದಿನಾರೂವರೆ. ನಡುವಿನ ಹದಿಮೂರೂವರೆ ಸಾವಿರವನ್ನು ಅವನು ಯಾರಿಗೂ ಮೋಸ ಮಾಡಿ ಸಂಪಾದಿಸಿದ್ದಲ್ಲ, ಬರೀ ಬಾಯಿಯಿಂದ ದುಡಿದದ್ದು.

ಪ್ರೆಸ್ಸಿನ ಧಣಿ ಪ್ರಭಾಚಂದ್ರ. ವೇಣೂರಿನ ಜೈನರು, ವಯಸ್ಸು ಐವತ್ತೆಂಟು, ಇರುವೆಗೂ ನೋವಾಗಬಾರದೆಂದು ನೆಲ ನೋಡಿ ನಡೆಯುವ ಮನುಷ್ಯ. ಆದರೆ ಹಾಜಬ್ಬನನ್ನು ಬೈಯುವಾಗ ಮಾತ್ರ ಸ್ವರ ರಸ್ತೆಯಾಚೆಯ ಮೆಡಿಕಲ್‌ವರೆಗೂ ಕೇಳುತ್ತಿತ್ತು. "ಏ ಹಾಜಬ್ಬಾ, ಎಲ್ಲಿ ಸತ್ತೆ ಮಾರಾಯ" ಎಂಬುದು ಆ ಪ್ರೆಸ್ಸಿನ ಬೆಳಗಿನ ಪ್ರಾರ್ಥನೆ. ಇಪ್ಪತ್ತಮೂರು ವರ್ಷ ಹೀಗೆ ಬೈದವರು ಆ ಬುಧವಾರ ಹಾಜಬ್ಬನನ್ನು ಹೆಗಲಿಗೆ ಒರಗಿಸಿಕೊಂಡು ಆಸ್ಪತ್ರೆಗೆ ಹೋದರು. ಬಿಲ್ಲು ಕಟ್ಟಿದರು. ಡಾಕ್ಟರು ಹೊಲಿಗೆ ಹಾಕುವಾಗ ಹಾಜಬ್ಬ ಎಚ್ಚರವಾಗಿದ್ದ, ತಲೆ ತಿರುಗಿ ಬಿದ್ದವರು ಧಣಿ.

ಹತ್ತನೇ ದಿನ ಧಣಿಯ ಫೋನ್ ಬಂತು.

"ಹಾಜಬ್ಬ, ಹೇಗುಂಟು ಕೈ? ನೋಡು, ಕೆಲಸ ಮಾಡುವಾಗ ಆದದ್ದಲ್ವಾ, ನಿನಗೆ ಪರಿಹಾರ ಸಿಗ್ಬೇಕು. ಕಾನೂನು ಉಂಟು. ನಾನು ಇನ್ಶೂರೆನ್ಸ್ ಸಹ ಮಾಡಿಸಿದ್ದೆ. ಲೆಕ್ಕ ಮಾಡಿಸಿ ಎಲ್ಲ ಕೊಡಿಸ್ತೇನೆ. ನೀನು ಆರಾಮಲ್ಲಿರು, ಗಡಿಬಿಡಿ ಇಲ್ಲ."

ಹಾಜಬ್ಬ ಖುಷಿಯಿಂದ ಫೋನ್ ಇಟ್ಟ. ಆ ಖುಷಿಗೆ ಆಯುಷ್ಯ ಇದ್ದದ್ದು ಸುಮಾರು ನಾಲ್ಕು ನಿಮಿಷ. ಏಕೆಂದರೆ ಹೊರಗೆ ಚಾವಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಬ್ದುಲ್ ಶುಕೂರ್ ಕುಳಿತಿದ್ದ.

ಅಬ್ದುಲ್ ಶುಕೂರ್ ಎಂದರೆ ಹಾಜಬ್ಬನ ಹೆಂಡತಿ ಖದೀಜಳ ತಮ್ಮ. ಕಡಲಾಚೆ ದಮ್ಮಾಮಿನ ಒಂದು ಕಂಪೆನಿಯಲ್ಲಿ ಹತ್ತೊಂಬತ್ತು ವರ್ಷ ದುಡಿದು ಬಂದವನು. ಅಲ್ಲಿ ಅವನು ಮಾಡುತ್ತಿದ್ದದ್ದು ಸ್ಟೋರಿನಲ್ಲಿ ಪೈಪು ಎಣಿಸುವ ಕೆಲಸವೇ ಆದರೂ, ಲೋಕದಲ್ಲಿ ಅವನಿಗೆ ತಿಳಿಯದ ವಿಷಯವಿರಲಿಲ್ಲ. ಅವನು ಫೋನಿನ ಮಾತನ್ನು ಪೂರ್ತಿ ಕೇಳಿ ಗಂಭೀರನಾದ.

"ಭಾವ, ಲೆಕ್ಕ ಮಾಡಿಸ್ತೇನೆ ಅಂದ್ರಾ?"

"ಹೌದು."

"ಎಲ್ಲ ಕೊಡ್ತೇನೆ ಅಂದ್ರಾ?"

"ಹೌದು ಮಾರಾಯ."

"ಆರಾಮಲ್ಲಿರು ಅಂದ್ರಾ?"

"ಅಂದ್ರು. ಯಾಕೆ?"

ಶುಕೂರ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಇದು ಸೆಟ್ಲ್‌ಮೆಂಟ್ ಭಾವ. ಫೈನಲ್ ಸೆಟ್ಲ್‌ಮೆಂಟ್. ನನಗೂ ಹೀಗೇ ಆದದ್ದು. ಹತ್ತೊಂಬತ್ತು ವರ್ಷ ಆ ಮೆನೇಜರ್ ನನ್ನ ಮುಖ ಸರಿಯಾಗಿ ನೋಡಿದವನಲ್ಲ. ಒಂದು ದಿನ ಕರೆದು ಕುರ್ಚಿ ಕೊಟ್ಟ. ಚಹಾ ಕೊಟ್ಟ. ಕೈಕಾಲು ಹೇಗುಂಟು ಕೇಳಿದ. ಆಮೇಲೆ ಲೆಕ್ಕ ಮಾಡಿದ, ಎಷ್ಟು ವರ್ಷ, ಎಷ್ಟು ಸಂಬಳ ಅಂತ. ಕಾಗದಕ್ಕೆ ಸೈನ್ ಹಾಕಿಸಿದ. ದುಡ್ಡು ಕೊಟ್ಟ. ದುಡ್ಡಿನ ಮೇಲೆ ವಿಮಾನದ ಟಿಕೆಟು ಇಟ್ಟ!"

"ನನಗೆ ಎಲ್ಲಿಯ ಟಿಕೆಟು? ನನ್ನ ಮನೆ ಇಲ್ಲೇ ಅಲ್ವಾ?"

"ಅದೇ ಭಾವ. ನಿಮ್ಮನ್ನು ಕಳಿಸ್ಲಿಕ್ಕೆ ಟಿಕೆಟಿನ ಖರ್ಚೂ ಇಲ್ಲ ಅವರಿಗೆ."

ಹಾಜಬ್ಬ ತನ್ನ ಕಟ್ಟು ಹಾಕಿದ ಬೆರಳನ್ನು ನೋಡಿದ. ಬೆರಳಿಲ್ಲದ ಕಟ್ಟಿಂಗ್‌ನವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಆ ಯಂತ್ರ ಬಿಟ್ಟರೆ ಅವನಿಗೆ ಬೇರೆ ಕೆಲಸ ಬಾರದು. ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗಲಿಕ್ಕಿಲ್ಲದ ಮನುಷ್ಯನಾಗಿ, ಶುಕೂರನ ಪಕ್ಕದಲ್ಲಿ ಇನ್ನೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಉಳಿದ ಆಯುಷ್ಯವಿಡೀ ದಮ್ಮಾಮಿನ ಕಥೆ ಕೇಳುವುದು ಅವನ ಕಣ್ಣ ಮುಂದೆ ಬಂತು. ಬೆರಳು ಹೋದಾಗ ಆಗದ ಹೆದರಿಕೆ ಆಗ ಆಯಿತು.

"ಏನು ಮಾಡುವ?" ಎಂದು ಕೇಳಿದ.

"ದುಡ್ಡು ತಗೊಳ್ಬಾರ್ದು. ಸೈನ್ ಹಾಕ್ಬಾರ್ದು. ಲೆಕ್ಕವೇ ಆಗ್ಲಿಕ್ಕೆ ಬಿಡ್ಬಾರ್ದು. ಲೆಕ್ಕ ಆಗದೆ ಕಳಿಸ್ಲಿಕ್ಕೆ ಯಾರಿಗೂ ಆಗುದಿಲ್ಲ."

ಲೋಕದಲ್ಲಿ ಪೆಟ್ಟಾಗದೆ ಪರಿಹಾರ ಕೇಳಿದವರಿದ್ದಾರೆ. ಪೆಟ್ಟಾಗಿಯೂ ಪರಿಹಾರದಿಂದ ತಲೆ ತಪ್ಪಿಸಿಕೊಂಡು ತಿರುಗಿದ ಮಹಾಪುರುಷ ನಮ್ಮ ಹಾಜಬ್ಬನೊಬ್ಬನೇ ಇರಬೇಕು.

ಮೊದಲು ಅವನು ಫೋನ್ ಎತ್ತುವುದನ್ನು ಬಿಟ್ಟ. ಧಣಿ ನಾಲ್ಕು ಸಲ ಮಾಡಿ, ಐದನೆಯ ಸಲಕ್ಕೆ ತಾವೇ ಮನೆಗೆ ಬಂದರು. ಕೈಯಲ್ಲಿ ಒಂದು ಕಿಲೋ ಆಪಲ್, ಒಂದು ದೊಡ್ಡ ಬಾಟಲಿ ಹಾರ್ಲಿಕ್ಸ್. ಅದನ್ನು ನೋಡಿಯೇ ಹಾಜಬ್ಬ ಒಂದು ಹೆಜ್ಜೆ ಹಿಂದೆ ಸರಿದ. ಇಪ್ಪತ್ತಮೂರು ವರ್ಷದಲ್ಲಿ ಧಣಿ ಅವನಿಗೆ ತಿನ್ನಲು ಕೊಟ್ಟದ್ದೆಂದರೆ ಆಯುಧ ಪೂಜೆಯ ಅವಲಕ್ಕಿ ಮಾತ್ರ. ಅವನು ಕೈಯನ್ನು ಹೆಗಲ ಮೇಲಿನ ಬೈರಾಸಿನೊಳಗೆ ಅಡಗಿಸಿ ನಿಂತ.

"ಎಲ್ಲಿ, ಬೆರಳು ತೋರಿಸು" ಎಂದರು ಧಣಿ, ದೇವಸ್ಥಾನದಲ್ಲಿ ಮಾತಾಡುವಂಥ ಸ್ವರದಲ್ಲಿ.

"ಬೆರಳಿಗೇನೂ ಆಗ್ಲಿಲ್ಲ ಧಣಿ."

"ಏನೂ ಆಗ್ಲಿಲ್ಲವಾ? ತುಂಡನ್ನು ಐಸಿನಲ್ಲಿಟ್ಟು ತಗೊಂಡು ಹೋದದ್ದು ನಾನಲ್ವಾ?"

"ಅದು... ಅದು ಪ್ರೆಸ್ಸಿನಲ್ಲಿ ಆದದ್ದಲ್ಲ ಧಣಿ. ಬೆಳಿಗ್ಗೆ ಮನೆಯಲ್ಲೇ ಆಗಿತ್ತು. ಮೀನು ಕೊಯ್ಯುವಾಗ, ಮೆಟ್ಟುಕತ್ತಿಯಲ್ಲಿ. ಪ್ರೆಸ್ಸಿಗೆ ಬಂದ ಮೇಲೆ ಬಿದ್ದದ್ದಷ್ಟೆ."

ಒಳಗಿನಿಂದ ಖದೀಜ ಸೀರೆಯ ಸೆರಗು ತಲೆಗೆಳೆದುಕೊಂಡು ಬಂದಳು. ಗಂಡನ ಪರವಾಗಿ ಸುಳ್ಳು ಹೇಳಲು ಅವಳಿಗೆ ಅಭ್ಯಂತರವಿರಲಿಲ್ಲ. ಆದರೆ ಇದು ಅವಳ ಅಡಿಗೆಮನೆಯ ಮರ್ಯಾದೆಯ ಪ್ರಶ್ನೆ.

"ಮೀನು ಕೊಯ್ದದ್ದಾ? ಇವರಾ? ನನ್ನ ಮದುವೆಯಾದ ಮೇಲೆ ಇವರು ಮೀನನ್ನು ನೋಡಿದ್ದು ಬಟ್ಟಲಲ್ಲಿ ಮಾತ್ರ. ಮತ್ತೆ ನನ್ನ ಮೆಟ್ಟುಕತ್ತಿಯಲ್ಲಿ ಬೆರಳು ತುಂಡಾಗುದು ಬಿಡಿ, ಬಂಗುಡೆಯ ರೆಕ್ಕೆ ಸಹ ತುಂಡಾಗುದಿಲ್ಲ. ಎರಡು ವರ್ಷದಿಂದ ಹರಿತ ಮಾಡಿಸಿ ಕೊಡಿ ಅಂತ ಹೇಳ್ತಾ ಇದ್ದೇನೆ!"

ಧಣಿ ಹಾಜಬ್ಬನನ್ನು ನೋಡಿದರು, ಬೈರಾಸನ್ನು ನೋಡಿದರು, ಆಪಲನ್ನು ಮೆಲ್ಲನೆ ಕಟ್ಟೆಯ ಮೇಲಿಟ್ಟರು. ಇವನು ಯಾಕೆ ಹೀಗೆ ಮಾತಾಡುತ್ತಿದ್ದಾನೆಂದು ಅವರಿಗೆ ಅರ್ಥವಾಗಲಿಲ್ಲ. ಹಾರ್ಲಿಕ್ಸನ್ನೂ ಅದರ ಪಕ್ಕದಲ್ಲಿಟ್ಟು ಹಿಂದಿರುಗಿದರು.

ಮರುದಿನ ಹಾಜಬ್ಬ ತನ್ನ ಬೆರಳು ಸರಿಯಿದೆಯೆಂದು ಊರಿಗೇ ತೋರಿಸಲು ಹೊರಟ. ಆಚೆಮನೆಯ ಹಲಸಿನ ಹಣ್ಣನ್ನು ಕೇಳದೆಯೇ ಬಿಡಿಸಿ ಕೊಟ್ಟ. ಮಸೀದಿಯ ಬಳಿ ಯಾರದ್ದೋ ಸ್ಕೂಟರಿನ ಪಂಕ್ಚರು ತೆಗೆಯಲು ಹೋಗಿ, ಹೊಲಿಗೆ ಬಿಚ್ಚಿ, ಪುನಃ ಆಸ್ಪತ್ರೆಗೆ ಹೋಗಿ ಬಂದ. ನೋಡಲು ಬಂದ ಸೇಸಮ್ಮನ ಮುಂದೆ ಸೂಜಿಗೆ ನೂಲು ಹಾಕುತ್ತೇನೆಂದು ಕುಳಿತವನು ಅರ್ಧ ಗಂಟೆಯಾದರೂ ಏಳಲಿಲ್ಲ. ಸೇಸಮ್ಮ ಎರಡು ಲೋಟ ಚಹಾ ಮುಗಿಸಿ ಹೋಗಿ ಪ್ರೆಸ್ಸಿನಲ್ಲಿ ವರದಿ ಒಪ್ಪಿಸಿದಳು.

"ಬ್ಯಾರಿಗಳು ಮಾತು ಸರಿ ಆಡುದಿಲ್ಲ ಧಣಿ. ಪರಿಹಾರ ಅಂದ ಕೂಡಲೇ ಮುಖ ತಿರುಗಿಸ್ತಾರೆ. ನಮ್ಮ ಮೇಲೆ ಕೋಪ ಉಂಟಾ ಅಂತ. ಮೂಡುಬಿದಿರೆಯ ಆ ಹೊಸ ಪ್ರೆಸ್ಸಿನವರು ಅವರನ್ನು ಕರೀತಿದ್ದಾರಂತಲೂ ಒಂದು ಸುದ್ದಿ."

ಆ ಸುದ್ದಿ ಎಲ್ಲಿಂದ ಹುಟ್ಟಿತೋ ಯಾರಿಗೂ ಗೊತ್ತಿಲ್ಲ. ಆದರೆ ಅದನ್ನು ಕೇಳಿದ ಮೇಲೆ ಧಣಿ ಆ ದಿನ ಯಾರನ್ನೂ ಬೈಯಲಿಲ್ಲ. ಅಕ್ಕಪಕ್ಕದ ಅಂಗಡಿಯವರು ಪ್ರೆಸ್ಸು ಮುಚ್ಚಿದೆಯೆಂದೇ ತಿಳಿದರು.

ಕೊನೆಗೆ ಗಾಯ ಪೂರ್ತಿ ಒಣಗಿ, ಡಾಕ್ಟರು ಸರ್ಟಿಫಿಕೇಟು ಬರೆದು ಕೊಟ್ಟ ಮೇಲೆ, ಧಣಿ ಒಂದು ಶನಿವಾರ ಓಮ್ನಿ ತಂದು ಮನೆಯೆದುರು ನಿಲ್ಲಿಸಿದರು. ಬಿ.ಸಿ. ರೋಡಿನ ಕಾರ್ಮಿಕ ಇಲಾಖೆಯ ಕಛೇರಿಗೆ ಹೋಗಿ, ಪರಿಹಾರದ ಲೆಕ್ಕ ಹೇಗೆಂದು ಕೇಳಿ ತಿಳಿದುಕೊಂಡು ಬರುವ ಎಂದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಶುಕೂರ್ ಹಿಂದಿನ ಸೀಟಿಗೆ ಹತ್ತಿ, "ಹೆದರ್ಬೇಡಿ ಭಾವ, ನಾನಿದ್ದೇನೆ" ಎಂದ. ಹೆದರಲು ಅದಕ್ಕಿಂತ ದೊಡ್ಡ ಕಾರಣ ಬೇಕಾಗಿರಲಿಲ್ಲ.

ಕಛೇರಿಯಲ್ಲಿದ್ದ ಮೇಡಂ ಹಾವೇರಿ ಕಡೆಯವರು. ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ಬಾಗಿಲ ಬಳಿ ಸ್ಟೂಲಿನಲ್ಲಿ ಜವಾನ ರುಕ್ಮಯ್ಯ ಕುಳಿತಿದ್ದ. ಅವನು ಬಂಟ್ವಾಳದಲ್ಲೇ ಹುಟ್ಟಿ ಬೆಳೆದವನು, ನಿವೃತ್ತಿಗೆ ಹತ್ತಿರವಾದವನು. ಮೇಡಂ ಧಣಿಯಿಂದ ವಿಷಯ ಕೇಳಿ, ಕಾಗದ ಎಳೆದುಕೊಂಡರು.

"ನಿಮ್ಮಲ್ಲಿ ಆರೇ ಮಂದಿ ಕೆಲಸಗಾರರು ಅಂದ್ರ ಇ.ಎಸ್.ಐ. ಬರಂಗಿಲ್ಲ. ಪರಿಹಾರ ಮಾಲೀಕರೇ ಕೊಡಬೇಕು, ಇನ್ಶೂರೆನ್ಸ್ ಇದ್ರ ಅವರು ಕಟ್ಟತಾರ. ಲೆಕ್ಕ ಏನ್ ಕಷ್ಟ ಇಲ್ಲ. ಮೂರು ಸಂಖ್ಯೆ ಬೇಕ್ರಿ. ಪಗಾರ, ಪೆಟ್ಟು, ವಯಸ್ಸು. ಮೂರನ್ನೂ ಗುಣಿಸಿದ್ರ ಮುಗೀತು. ಹೇಳ್ರಿ, ತಿಂಗಳ ಪಗಾರ ಎಷ್ಟು?"

ಹಾಜಬ್ಬ ಫ್ಯಾನನ್ನು ನೋಡಿದ. ಬಲಗಡೆ ಧಣಿ, ಎಡಗಡೆ ಬಾಮೈದ. ಬಲಗಡೆಯ ಸಂಖ್ಯೆ ಹದಿನಾರೂವರೆ, ಎಡಗಡೆಯದ್ದು ಮೂವತ್ತು.

"ಮೂವತ್ತು ಸಾವಿರ ಮೇಡಂ!" ಎಂದ ಶುಕೂರ್, ಅಭಿಮಾನದಿಂದ. "ಮೆನೇಜರ್ ಪೋಸ್ಟು."

ಧಣಿಗೆ ಕೆಮ್ಮು ಬಂತು. ರುಕ್ಮಯ್ಯ ನೀರು ತಂದುಕೊಟ್ಟ. ಹಾಜಬ್ಬ ನೆಲ ಬಿರಿಯಲಿ ಎಂದು ಕಾಯುತ್ತಿರುವಾಗ ಮೇಡಂ ತಲೆಯೆತ್ತದೆ ಹೇಳಿದರು:

"ಮೂವತ್ತಿರ್ಲಿ, ಮುನ್ನೂರಿರ್ಲಿ, ಕಾನೂನು ತಿಂಗಳಿಗೆ ಹದಿನೈದು ಸಾವಿರದ ಮ್ಯಾಲ ಹಿಡಿಯಂಗಿಲ್ರಿ. ಹದಿನೈದು ಬರೀತೀನಿ."

ಸರಕಾರದ ಮೇಲೆ ಹಾಜಬ್ಬನಿಗೆ ಅಂಥ ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ. "ಬರೀರಿ ಮೇಡಂ, ಹದಿನೈದೇ ಬರೀರಿ. ಕಾನೂನು ಅಂದ್ಮೇಲೆ ಕಾನೂನು" ಎಂದು ಮೂರು ಸಲ ಹೇಳಿದ. ಭಾವನಿಗೆ ಅನ್ಯಾಯವಾಯಿತೆಂದು ಶುಕೂರ್ ಮಾತ್ರ ಚಡಪಡಿಸಿದ.

"ಹದಿನೈದು ಸಾವಿರದಾಗ ನೂರಕ್ಕ ಅರವತ್ತು, ಅಂದ್ರ ಒಂಬತ್ತು ಸಾವಿರ. ಇದು ಮೊದಲನೇ ಸಂಖ್ಯೆ. ಈಗ ಪೆಟ್ಟು." ಮೇಡಂ ಒಂದು ಪಟ್ಟಿಯ ಮೇಲೆ ಪೆನ್ನು ಓಡಿಸಿದರು. "ತೋರುಬೆರಳು. ಒಂದು ಗೆಣ್ಣು ಎಲುಬು ಸಮೇತ ಹೋಗೇದ. ನೂರಕ್ಕ ಒಂಬತ್ತು."

"ಮೇಡಂ, ಎಲುಬು ಹೋಗ್ಲಿಲ್ಲ" ಎಂದ ಹಾಜಬ್ಬ ಅವಸರದಿಂದ. "ಸ್ವಲ್ಪ ಉಗುರು, ಅದರ ಹಿಂದಿನ ಸ್ವಲ್ಪ ಚರ್ಮ."

"ಎಲುಬು ಹೋಗದಿದ್ರ ನೂರಕ್ಕ ಐದು. ಆದ್ರ ಎಕ್ಸ್‌ರೇ ಇಲ್ಲೇ ಅದಲ್ರಿ?"

ಶುಕೂರನಿಗೆ ಪಟ್ಟಿಯಲ್ಲಿ ಆಸಕ್ತಿ ಹುಟ್ಟಿತು. "ಇಡೀ ತೋರುಬೆರಳು ಹೋದ್ರೆ ಎಷ್ಟು ಮೇಡಂ?"

"ಹದಿನಾಲ್ಕು."

"ಕಿರುಬೆರಳು?"

"ಏಳು."

"ಹೆಬ್ಬೆರಳು?"

"ಮೂವತ್ತು."

ಶುಕೂರ್ ತನ್ನ ಹೆಬ್ಬೆರಳನ್ನು ಹೊಸ ಗೌರವದಿಂದ ನೋಡಿ, ಮುಷ್ಟಿಯೊಳಗೆ ಭದ್ರವಾಗಿ ಮಡಚಿಟ್ಟುಕೊಂಡ. ಬಾಗಿಲ ಬಳಿ ರುಕ್ಮಯ್ಯನೂ ಹಾಗೆಯೇ ಮಾಡಿದ್ದು ಮೇಡಂ ಕಣ್ಣಿಗೆ ಬಿತ್ತು.

"ಇನ್ನ ವಯಸ್ಸು. ವಯಸ್ಸಿಗೆ ತಕ್ಕಂಗ ಒಂದೊಂದು ಸಂಖ್ಯೆ ಕೊಟ್ಟಾರ. ಸಣ್ಣ ವಯಸ್ಸಿಗೆ ದೊಡ್ಡ ಸಂಖ್ಯೆ, ಯಾಕಂದ್ರ ದುಡಿಯೋ ವರ್ಷ ಬಾಳ ಇರ್ತಾವ. ವಯಸ್ಸು ಏರಿದಂಗ ಸಂಖ್ಯೆ ಇಳೀತದ, ರೊಕ್ಕಾನೂ ಇಳೀತದ. ನಿಮ್ಮ ವಯಸ್ಸು ಎಷ್ಟ್ರಿ?"

ಹಾಜಬ್ಬನ ತಲೆಯಲ್ಲಿ ಬಲ್ಬು ಹೊತ್ತಿತು. ವಯಸ್ಸು ಏರಿದರೆ ದುಡ್ಡು ಇಳಿಯುತ್ತದೆ. ದುಡ್ಡು ಇಳಿದರೆ ಅದು ಸೆಟ್ಲ್‌ಮೆಂಟೇ ಅಲ್ಲ, ಚಿಲ್ಲರೆ. ಚಿಲ್ಲರೆ ಕೊಟ್ಟು ಯಾರನ್ನೂ ಮನೆಗೆ ಕಳಿಸಲಾಗುವುದಿಲ್ಲ. ಅವನು ಎದೆಯುಬ್ಬಿಸಿ ಹೇಳಿದ: "ಅರುವತ್ತೊಂದು."

ಮೇಡಂ ಗುಣಿಸಿದರು. "ಅರವತ್ತೊಂದಕ್ಕ ನೂರಾ ಹದಿಮೂರು ಪಾಯಿಂಟ್ ಎಪ್ಪತ್ತೇಳು. ತೊಂಬತ್ತೆರಡು ಸಾವಿರದ ನೂರಾ ಐವತ್ತಮೂರು ರೂಪಾಯಿ, ಎಪ್ಪತ್ತು ಪೈಸೆ."

ಲಕ್ಷ ಮುಟ್ಟಲಿಲ್ಲ! ಹಾಜಬ್ಬ ಗೆದ್ದೆನೆಂದು ತಿರುಗಿ ನೋಡಿದರೆ, ಪ್ರಭಾಚಂದ್ರರು ಕುರ್ಚಿಯಿಂದ ಎದ್ದು ನಿಂತಿದ್ದಾರೆ. ಮುಖ ಬಿಳಿಚಿದೆ.

"ಅರುವತ್ತೊಂದಾ? ನನಗಿಂತ ಮೂರು ವರ್ಷ ದೊಡ್ಡವರಾ ನೀವು? ಅಯ್ಯೋ ದೇವರೇ, ಇಷ್ಟು ವರ್ಷ ನಾನು ಏ, ಬಾ, ಹೋಗು ಅಂತ... ಕೂತ್ಕೊಳ್ಳಿ ಹಾಜಬ್ಬರೇ, ಈ ಕುರ್ಚಿಯಲ್ಲಿ ಕೂತ್ಕೊಳ್ಳಿ. ಇದರಲ್ಲಿ ದಿಂಬು ಉಂಟು. ರುಕ್ಮಯ್ಯನವರೇ, ಹಾಜಬ್ಬರಿಗೆ ಒಂದು ಚಹಾ ಸಿಗಬಹುದಾ?"

ಕುರ್ಚಿ ಬಂತು, ಚಹಾ ಬಂತು. ಹಾಜಬ್ಬರೇ ಎಂಬ ಹೆಸರನ್ನು ಕೇಳಿ ಹಾಜಬ್ಬ ಬೇರೆ ಯಾರಾದರೂ ಬಂದರೇ ಎಂದು ಹಿಂದೆ ನೋಡಿದ. ಅಷ್ಟರಲ್ಲಿ ಶುಕೂರ್ ಕಿವಿಯ ಬಳಿ ಬಾಗಿ, ಇಡೀ ಕಛೇರಿಗೆ ಕೇಳುವ ಪಿಸುಮಾತಿನಲ್ಲಿ ಹೇಳಿದ:

"ಭಾವ, ಏನು ಮಾಡಿದ್ರಿ! ಅರುವತ್ತಾದ್ರೆ ಕಂಪೆನಿಯಲ್ಲಿ ಒಂದು ಗಂಟೆ ಇಟ್ಕೊಳ್ಳುದಿಲ್ಲ. ನೀವು ರಿಟೈರ್ ಆಗಿ ಒಂದು ವರ್ಷ ಆಯ್ತು!"

ಚಹಾ ಮೇಜಿನ ಮೇಲೆ ಚೆಲ್ಲಿತು. "ಮೇಡಂ, ಅಳಿಸಿ!" ಎಂದು ಹಾಜಬ್ಬ ಕೂಗಿದ. "ಅರುವತ್ತೊಂದಲ್ಲ. ಐವತ್ತೊಂದು. ಐವತ್ತೊಂದು ಮೇಡಂ, ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ!"

"ಇದೇನ್ ಸಂತಿ ಏನ್ರೀ, ಹತ್ತು ವರ್ಷ ಇಳಿಸಿ ಕೊಡಾಕ? ಎಲ್ರಿ ಆಧಾರ್?"

ಆಧಾರಿನ ಪ್ರತಿ ಧಣಿಯ ಫೈಲಿನಲ್ಲಿತ್ತು. ಅದರಲ್ಲಿ ಇಸವಿ ಎಪ್ಪತ್ತನಾಲ್ಕು. ಆದರೆ ಇಷ್ಟು ಬೇಗ ಹತ್ತು ವರ್ಷ ಚಿಕ್ಕವನಾದ ಮನುಷ್ಯನ ಮೇಲೆ ಮೇಡಂಗೆ ಸಂಶಯ ಬಂದುಬಿಟ್ಟಿತ್ತು. ಶುಕೂರ್ ಸಹಾಯ ಮಾಡುತ್ತೇನೆಂದು ಅಕ್ಕನಿಗೆ ಫೋನ್ ಮಾಡಿ, ಸ್ಪೀಕರಿನಲ್ಲಿಟ್ಟು, ಭಾವನಿಗೆ ಅರುವತ್ತೊಂದಾ ಐವತ್ತೊಂದಾ ಎಂದು ಕೇಳಿದ.

"ಅರುವತ್ತೊಂದಾ? ಯಾರು ಹೇಳಿದ್ದು?" ಖದೀಜಳ ಸ್ವರ ಪಕ್ಕದ ಕಛೇರಿಗೂ ಕೇಳಿರಬೇಕು. "ಮದುವೆ ಮಾತಾಡುವಾಗ ಹುಡುಗನಿಗೆ ಇಪ್ಪತ್ತಾರು ಅಂತ ಹೇಳಿದ್ದು. ಹಾಗಾದ್ರೆ ಮೂವತ್ತಾರು ಆಗಿತ್ತಾ? ಫೋನು ಅವರ ಕೈಗೆ ಕೊಡು ನೀನು!"

"ಇಲ್ಲ ಖದೀಜ, ಇಪ್ಪತ್ತಾರೇ, ಇಪ್ಪತ್ತಾರೇ! ನೀನು ನಾನು ಹುಟ್ಟಿದ ನೆರೆಯ ವಿಷಯ ಹೇಳು, ನನ್ನ ಉಮ್ಮ ಹೇಳ್ತಿದ್ರಲ್ಲ!"

"ಹಾಂ, ಅದನ್ನು ಊರಿಡೀ ಹೇಳಿದ್ದಾರೆ ಅತ್ತೆ. ಪೇಟೆಯೊಳಗೆ ನೀರು ಬಂದು, ಮಾಳಿಗೆಯಿಂದ ದೋಣಿಗೆ ಇಳಿಸುವಾಗ ನೋವು ಬಂದದ್ದು, ದೋಣಿಯಲ್ಲೇ ಹೆತ್ತದ್ದು."

ಬಾಗಿಲ ಬಳಿ ರುಕ್ಮಯ್ಯ ಎದ್ದು ನಿಂತ. ಬಂಟ್ವಾಳದಲ್ಲಿ ಆಧಾರ್ ತಪ್ಪಾಗಬಹುದು, ಶಾಲೆಯ ರಿಜಿಸ್ಟರು ತಪ್ಪಾಗಬಹುದು. ನೇತ್ರಾವತಿಯ ನೆರೆ ತಪ್ಪಲಾರದು. ನೀರು ಎಲ್ಲಿಯವರೆಗೆ ಬಂದಿತ್ತೆಂದು ತೋರಿಸುವ ಗೋಡೆಗಳಿವೆ, ಆ ಲೆಕ್ಕದಲ್ಲೇ ಮಕ್ಕಳ ವಯಸ್ಸು ಹೇಳುವ ಮನೆಗಳಿವೆ.

"ಮೇಡಂ, ಪೇಟೆಯೊಳಗೆ ದೋಣಿ ಹೋದದ್ದು ಅಂದ್ರೆ ಎಪ್ಪತ್ತನಾಲ್ಕರ ದೊಡ್ಡ ನೆರೆ. ಸಂಶಯವೇ ಇಲ್ಲ. ನಾನು ಎಂಟು ವರ್ಷದವ, ಕಣ್ಣಾರೆ ನೋಡಿದ್ದೇನೆ. ದೋಣಿಯಲ್ಲಿ ಮಗು ಹುಟ್ಟಿತು ಅಂತ ಎಲ್ಲರೂ ಹೇಳ್ತಾ ಇದ್ರು." ಹಾಜಬ್ಬನನ್ನು ಆಪಾದಮಸ್ತಕ ನೋಡಿದ. "ಅದು ನೀವಾ?"

"ನಾನೇ" ಎಂದ ಹಾಜಬ್ಬ, ಪರೀಕ್ಷೆಯಲ್ಲಿ ಪಾಸಾದವನಂತೆ.

ಮೇಡಂ ಮತ್ತೊಮ್ಮೆ ಗುಣಿಸಿದರು. ಐವತ್ತೊಂದಕ್ಕೆ ನೂರ ನಲವತ್ತೊಂಬತ್ತು ಪಾಯಿಂಟ್ ಅರುವತ್ತೇಳು. ಒಂದು ಲಕ್ಷದ ಇಪ್ಪತ್ತೊಂದು ಸಾವಿರ ಇನ್ನೂರ ಮೂವತ್ತೆರಡು ರೂಪಾಯಿ, ಎಪ್ಪತ್ತು ಪೈಸೆ. ಆಸ್ಪತ್ರೆಯ ಖರ್ಚು ಬೇರೆ. ಕಾಗದವನ್ನು ಮುಂದೆ ತಳ್ಳಿದರು. ಹಾಜಬ್ಬನ ಮುಖ ಮಾತ್ರ ಸಾವಿನ ಮನೆಯಲ್ಲಿ ಕುಳಿತವನಂತಿತ್ತು.

"ಏನ್ರೀ ನಿಮ್ಮ ಕಥಿ?" ಎಂದರು ಮೇಡಂ, ಕನ್ನಡಕ ತೆಗೆದು. "ನನ್ನ ಸರ್ವಿಸ್‌ನಾಗ ಹೆಚ್ಚು ಕೊಡಿಸ್ರಿ ಅಂತ ಅತ್ತವರನ್ನ ನೋಡೀನಿ. ನೀವು ಎಲುಬು ಹೋಗಿಲ್ಲ ಅಂತೀರಿ, ಮುದುಕ ಅಂತೀರಿ. ಬೆರಳು ಹೋಗೇದ ಇಲ್ರಿ? ರೊಕ್ಕ ಯಾಕ್ರೀ ಬ್ಯಾಡ?"

ಹಾಜಬ್ಬ ಒಡೆದುಹೋದ.

"ರೊಕ್ಕ ಬೇಡ ಮೇಡಂ. ಸೆಟ್ಲ್‌ಮೆಂಟ್ ಬೇಡ. ಒಂದು ಲಕ್ಷ ಕೊಟ್ಟು ನನ್ನನ್ನು ಮನೆಗೆ ಕಳಿಸ್ಬೇಡಿ. ನಾನು ಒಂಬತ್ತು ಬೆರಳಲ್ಲೇ ಕಟ್ಟಿಂಗ್ ಮಾಡ್ತೇನೆ. ಬಲಗೈ ಬೆರಳಿನಲ್ಲಿ ಸವರಿ ನೋಡ್ಲಿಕ್ಕೆ ಕಲೀತಾ ಇದ್ದೇನೆ. ಮನೆಯಲ್ಲಿ ದಿನಾ ಹಳೆ ಕ್ಯಾಲೆಂಡರುಗಳನ್ನು ಒಟ್ಟು ಮಾಡಿ ಅಭ್ಯಾಸ ಮಾಡ್ತಾ ಇದ್ದೇನೆ. ಧಣಿ, ನನಗೆ ಬೇರೆ ಯಾವ ಕೆಲಸವೂ ಗೊತ್ತಿಲ್ಲ!"

ಕಣ್ಣಿನಿಂದ ನೀರು ಇಳಿಯಿತು. ಐವತ್ತೊಂದು ವರ್ಷದ ಮನುಷ್ಯ ಸರಕಾರಿ ಕಛೇರಿಯಲ್ಲಿ ಅಳುವುದು ನೋಡಲು ಸುಖವಲ್ಲ. ಶುಕೂರ್ ಗೋಡೆಯ ಮೇಲಿನ ಕ್ಯಾಲೆಂಡರನ್ನು ಶ್ರದ್ಧೆಯಿಂದ ಓದತೊಡಗಿದ.

ಮೇಡಂ ಪೆನ್ನು ಕೆಳಗಿಟ್ಟು, ನಿಧಾನವಾಗಿ ಹೇಳಿದರು: "ಯಾರು ಹೇಳಿದ್ರೀ ನಿಮಗ ಇದು ಸೆಟ್ಲ್‌ಮೆಂಟ್ ಅಂತ? ಇದು ಬೆರಳಿನ ಲೆಕ್ಕ. ಕೆಲಸದ ಲೆಕ್ಕ ಅಲ್ಲ. ಪರಿಹಾರ ತಗೊಂಡ್ರ ಕೆಲಸ ಹೋಗ್ತದಂತ ಯಾವ ಕಾನೂನಿನಾಗೂ ಇಲ್ಲ. ರೊಕ್ಕಾನೂ ನಿಮ್ದು, ಕೆಲಸಾನೂ ನಿಮ್ದು."

ಯಾರು ಹೇಳಿದ್ದೆಂಬ ಪ್ರಶ್ನೆಗೆ ಉತ್ತರವಾಗಿ ಎಲ್ಲರೂ ಶುಕೂರನ ಕಡೆ ತಿರುಗಿದರು. "ಅದು ದಮ್ಮಾಮಿನಲ್ಲಿ..." ಎಂದು ಅವನು ಶುರು ಮಾಡಿ, ಕ್ಯಾಲೆಂಡರಿನ ಉಳಿದ ತಿಂಗಳುಗಳನ್ನು ಓದಲು ಹೋದ.

ಪ್ರಭಾಚಂದ್ರರು ಕೆಂಪಾಗಿದ್ದರು. ಬೆರಳು ಹೋದಾಗಿನಿಂದ ಒಳಗೆ ಕಟ್ಟಿಟ್ಟದ್ದೆಲ್ಲ ಒಟ್ಟಿಗೆ ಹೊರಗೆ ಬಂತು.

"ಅಯ್ಯೋ ಪೆದ್ದಾ! ನೀನು ಮೂಡುಬಿದಿರೆಗೆ ಹೋಗ್ತೀ ಅಂತ ನಾನು ಊಟ ಬಿಟ್ಟು ಕೂತಿದ್ದೇನಲ್ಲ! ನನ್ನ ಮೆಷಿನಿನಲ್ಲಿ ಬೆರಳು ಹೋದದ್ದಕ್ಕೆ ಕೋಪ, ಅದಕ್ಕೇ ದುಡ್ಡು ಸಹ ಮುಟ್ಟುದಿಲ್ಲ ಅಂತ ತಿಳ್ಕೊಂಡೆ. ಮೊದಲೇ ಮಾಡಿಸ್ಬೇಕಿದ್ದದ್ದು, ನನ್ನದೇ ತಪ್ಪು, ಈಗ ಮೆಷಿನಿಗೆ ಗಾರ್ಡ್ ಹಾಕಿಸಿದ್ದೇನೆ. ಅಂದಿನಿಂದ ಅದನ್ನು ಬೇರೆ ಯಾರ ಕೈಯಲ್ಲೂ ಮುಟ್ಟಿಸ್ಲಿಲ್ಲ. ಕಟ್ಟಿಂಗಿಗೆ ಹೊರಗೆ ಕೊಟ್ಟು ಎಲ್ಲ ಓರೆ. ಮದುವೆ ಕಾಗದ ಓರೆ, ರಶೀದಿ ಓರೆ. ಮೊನ್ನೆ ಒಂದರಲ್ಲಿ ಮದುಮಗನ ಅಪ್ಪನ ಹೆಸರೇ ಅರ್ಧ ತುಂಡಾಗಿ ಹೋಯ್ತು! ನಿನ್ನನ್ನು ಮನೆಗೆ ಕಳಿಸಿ ನಾನೇನು ಮಣ್ಣು ತಿನ್ನುದಾ ಮಾರಾಯ?"

ಇಷ್ಟು ಬೈಗುಳ ಒಟ್ಟಿಗೆ ಹಾಜಬ್ಬನಿಗೆ ಸಿಕ್ಕದೆ ಒಂದೂವರೆ ತಿಂಗಳಾಗಿತ್ತು. ಅವನ ಬೆನ್ನು ನೆಟ್ಟಗಾಯಿತು. ಅವನು ಬೈರಾಸಿನಿಂದ ಮುಖ ಒರೆಸಿಕೊಂಡು ಹಲ್ಲು ಕಾಣುವಂತೆ ನಕ್ಕ. ರುಕ್ಮಯ್ಯನೂ ಕಾರಣವಿಲ್ಲದೆ ನಕ್ಕ. ಮೇಡಂ ಮುಂದಿನ ಅರ್ಜಿ, ಡಾಕ್ಟರ ಸರ್ಟಿಫಿಕೇಟು, ಇನ್ಶೂರೆನ್ಸಿನ ಕಾಗದ ಏನೇನು ಬೇಕೆಂದು ಧಣಿಗೆ ಬರೆದುಕೊಟ್ಟರು. ಆಮೇಲೆ ಹಾಜಬ್ಬನಿಗೆ ಹೇಳಿದರು:

"ಲೆಕ್ಕ ಅಂತೂ ಮುಗೀತು. ನಿಮಗ ಇನ್ನೇನಾದ್ರೂ ಕೇಳೋದು ಅದ ಏನ್ರಿ?"

ಹಾಜಬ್ಬ ಮೇಡಂ ಕಡೆ ನೋಡಲಿಲ್ಲ. ಒಂದು ಲಕ್ಷದ ಇಪ್ಪತ್ತೊಂದು ಸಾವಿರ ಬರೆದಿದ್ದ ಕಾಗದದ ಕಡೆಯೂ ನೋಡಲಿಲ್ಲ. ಧಣಿಯ ಕಡೆ ತಿರುಗಿ, ಮೆಲ್ಲನೆ ಕೇಳಿದ:

"ಧಣಿ, ಹಾಗಾದ್ರೆ ನಾನು ನಾಳೆ ಬೆಳಿಗ್ಗೆ ಕೆಲಸಕ್ಕೆ ಬರಬಹುದಾ?"

ಪ್ರಭಾಚಂದ್ರರು ಹಣೆ ಚಚ್ಚಿಕೊಂಡರು.

"ನಾಳೆ ಆದಿತ್ಯವಾರ ಮಾರಾಯ!"